ಪರ್ಸಿ ಜಾಕ್ಸನ್ ಸರಣಿ: ಯಾವ ವಯಸ್ಸಿಗೆ, ಯಾವ ಕ್ರಮದಲ್ಲಿ, ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ರಿಕ್ ರಿಯರ್ಡನ್ ಅವರ ಮಕ್ಕಳ ಕಾದಂಬರಿ ಸರಣಿ ‘ಪರ್ಸಿ ಜಾಕ್ಸನ್ ಅಂಡ್ ದ ಒಲಿಂಪಿಯನ್ಸ್’ ಕೊಳ್ಳಲು ಹೊರಟವರು ಮೊದಲು ಎಡವುವುದು ಪುಸ್ತಕಗಳ ಲೆಕ್ಕದಲ್ಲೇ. ಮೂಲ ಕಥೆ ಐದು ಪುಸ್ತಕಗಳದ್ದು: ‘ದ ಲೈಟ್ನಿಂಗ್ ಥೀಫ್’ (2005), ‘ದ ಸೀ ಆಫ್ ಮಾನ್‌ಸ್ಟರ್ಸ್’ (2006), ‘ದ ಟೈಟನ್ಸ್ ಕರ್ಸ್’ (2007), ‘ದ ಬ್ಯಾಟಲ್ ಆಫ್ ದ ಲ್ಯಾಬರಿಂತ್’ (2008), ‘ದ ಲಾಸ್ಟ್ ಒಲಿಂಪಿಯನ್’ (2009). ಮುಂದಿನ ಸರಣಿಗೆ ಬಿಟ್ಟ ಒಂದು ಸುಳಿವನ್ನು ಬಿಟ್ಟರೆ ಐದನೆಯದರಲ್ಲಿ ಕಥೆ ಪೂರ್ತಿ ಮುಗಿಯುತ್ತದೆ. ತೊಂದರೆ ಏನೆಂದರೆ, 2023ರ ‘ದ ಚಾಲಿಸ್ ಆಫ್ ದ ಗಾಡ್ಸ್’ ಮತ್ತು 2024ರ ‘ರಾತ್ ಆಫ್ ದ ಟ್ರಿಪಲ್ ಗಾಡೆಸ್’ ಕೂಡ ಇದೇ ಸರಣಿಯ ಹೆಸರು ಹೊತ್ತು ಆರನೆಯದು, ಏಳನೆಯದು ಎಂದು ಮಾರಾಟವಾಗುತ್ತಿವೆ. ಐದು ಮುಗಿಸಿದ ಮಗುವಿನ ಕೈಗೆ ನೇರವಾಗಿ ಆರನೆಯದನ್ನು ಕೊಟ್ಟರೆ ಕೆಲಸ ಕೆಟ್ಟಿತು. ಅವೆರಡರ ಕಥೆ ನಡೆಯುವುದು ‘ಹೀರೋಸ್ ಆಫ್ ಒಲಿಂಪಸ್’ ಎಂಬ ಇನ್ನೊಂದು ಐದು ಪುಸ್ತಕಗಳ ಸರಣಿ (2010–2014) ಮುಗಿದ ಮೇಲೆ. ಆ ಸರಣಿಯಲ್ಲಿ ಯಾರು ಉಳಿದರು, ಯಾರು ಎಲ್ಲಿಗೆ ಹೋದರು ಎಂಬುದೆಲ್ಲ ಇಲ್ಲಿ ಮಾತಿನ ಮಧ್ಯೆ ಬಯಲಾಗಿಬಿಡುತ್ತದೆ. ಆದ್ದರಿಂದ ಮೊದಲ ಐದನ್ನು ಮಾತ್ರ ಕೊಳ್ಳಿ. ರುಚಿ ಹತ್ತಿದರೆ ಮುಂದಿನದು ಇದ್ದೇ ಇದೆ.

ಹನ್ನೆರಡು ವರ್ಷದ ಪರ್ಸಿಗೆ ಓದುವಾಗ ಅಕ್ಷರಗಳು ಕಣ್ಣೆದುರು ಅತ್ತಿತ್ತ ಜಾರುತ್ತವೆ, ಒಂದು ಕಡೆ ಕೂರಲಾಗುವುದಿಲ್ಲ, ವರ್ಷಕ್ಕೊಂದು ಶಾಲೆಯಿಂದ ಹೊರಹಾಕಿಸಿಕೊಳ್ಳುತ್ತಾನೆ. ಅವನ ತಂದೆ ಗ್ರೀಕ್ ಸಮುದ್ರದೇವತೆ ಪೊಸೈಡನ್ ಎಂದು ಗೊತ್ತಾಗುವಷ್ಟರಲ್ಲಿ ದೇವತೆಗಳ ರಾಜ ಝ್ಯೂಸನ ಸಿಡಿಲಾಯುಧ ಕಳುವಾಗಿ, ಕಳ್ಳತನದ ಆರೋಪ ಇವನ ತಲೆಗೇ ಬಂದಿರುತ್ತದೆ. ಜೂನ್ 21ರ ಒಳಗೆ ಅದನ್ನು ಹುಡುಕಿ ತರದಿದ್ದರೆ ದೇವತೆಗಳ ನಡುವೆ ಯುದ್ಧ. ಮೊದಲ ಪುಸ್ತಕದ ಹಂದರ ಇಷ್ಟೇ. ರಿಯರ್ಡನ್ ಅಮೆರಿಕದ ಮಿಡಲ್ ಸ್ಕೂಲಿನಲ್ಲಿ ಇಂಗ್ಲಿಷ್ ಮತ್ತು ಇತಿಹಾಸ ಕಲಿಸುತ್ತಿದ್ದ ಮೇಷ್ಟ್ರು. ಡಿಸ್ಲೆಕ್ಸಿಯಾ (ಓದುವಾಗ ಅಕ್ಷರ ಗೊಂದಲವಾಗುವ ತೊಂದರೆ) ಮತ್ತು ಎಡಿಎಚ್‌ಡಿ (ಗಮನ ನಿಲ್ಲದ ಚಡಪಡಿಕೆ) ಎರಡೂ ಇದ್ದ ಮಗನಿಗೆ ರಾತ್ರಿ ಹೇಳುತ್ತಿದ್ದ ಗ್ರೀಕ್ ಕಥೆಗಳ ದಾಸ್ತಾನು ಖಾಲಿಯಾದಾಗ ಈ ಕಥೆಯನ್ನು ಕಟ್ಟಿದರು. ಹಾಗಾಗಿ ಈ ಎರಡು ತೊಂದರೆಗಳು ಇಲ್ಲಿ ನಾಯಕನಿಗೆ ಅಂಟಿಸಿದ ಅಲಂಕಾರವಲ್ಲ, ಕಥಾಲೋಕದ ನಿಯಮವೇ. ದೇವತೆಗೂ ಮನುಷ್ಯರಿಗೂ ಹುಟ್ಟಿದ ಅರೆದೇವತೆಯ ಮೆದುಳು ಹುಟ್ಟಿನಿಂದಲೇ ಪ್ರಾಚೀನ ಗ್ರೀಕ್ ಭಾಷೆಗೆ ಹೊಂದಿಕೊಂಡಿರುವುದರಿಂದ ಇಂಗ್ಲಿಷ್ ಓದಲು ಒದ್ದಾಡುತ್ತದೆ. ಚಡಪಡಿಕೆ ಎಂದರೆ ಯುದ್ಧಭೂಮಿಯಲ್ಲಿ ಜೀವ ಉಳಿಸುವ ಚುರುಕು.

ಈ ನಿಯಮ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ಮೊದಲ ಪುಸ್ತಕದ 11ನೇ ಅಧ್ಯಾಯ ಸಾಕು. ಬಸ್ಸು ಕಳೆದುಕೊಂಡು, ಹಸಿದು, ನ್ಯೂಜೆರ್ಸಿಯ ಕಾಡುದಾರಿಯಲ್ಲಿ ಅಲೆಯುತ್ತಿರುವ ಪರ್ಸಿ, ಅವನ ಗೆಳೆಯರಾದ ಆನಬೆತ್, ಗ್ರೋವರ್ ಮೂವರಿಗೆ ನಿಯಾನ್ ದೀಪದ ಅಂಗಡಿಯೊಂದು ಕಾಣುತ್ತದೆ. ಪರ್ಸಿಯ ಕಣ್ಣಿಗೆ ಬೋರ್ಡಿನ ಅಕ್ಷರಗಳೆಲ್ಲ ಕಲಸಿಹೋಗಿವೆ, ಆನಬೆತ್‌ಗೂ ಅದೇ ಪಾಡು. ಅರೆದೇವತೆಯಲ್ಲದ, ಮೇಕೆಕಾಲಿನ ಗ್ರೋವರ್ ಓದಿ ಹೇಳಬೇಕಾಗುತ್ತದೆ: ತೋಟದ ಬೊಂಬೆ ಮಾರುವ ಆಂಟಿ ಎಮ್ ಅಂಗಡಿ. ಒಳಗೆ ಮುಖಕ್ಕೆ ಮುಸುಕು ಹಾಕಿದ ಹೆಂಗಸು ಹೊಟ್ಟೆತುಂಬ ಬರ್ಗರ್ ಕೊಡುತ್ತಾಳೆ. ಅಂಗಳದ ತುಂಬ ಕಲ್ಲಿನ ಮೂರ್ತಿಗಳು, ಮುಖದಲ್ಲೆಲ್ಲ ಗಾಬರಿ. ಅವುಗಳಲ್ಲಿ ಒಂದು ತನ್ನ ಸೋದರಮಾವನ ಹಾಗೇ ಇದೆಯಲ್ಲ ಎಂದು ಗ್ರೋವರ್ ಗೊಣಗುತ್ತಾನೆ. ಫೋಟೋ ತೆಗೆಯುತ್ತೇನೆ, ನಿಂತುಕೊಳ್ಳಿ ಅನ್ನುತ್ತಾಳೆ ಆಕೆ. ಕ್ಯಾಮೆರಾ ಎಲ್ಲಿ ಎಂದು ಅವನೇ ಕೇಳುತ್ತಾನೆ. ಗ್ರೀಕ್ ಪುರಾಣ ಅಷ್ಟಿಷ್ಟು ಗೊತ್ತಿರುವ ಮಗುವಿಗೆ ಈ ಹೊತ್ತಿಗೆ ಎದೆ ಡವಡವ ಅನ್ನತೊಡಗಿರುತ್ತದೆ, ಗೊತ್ತಿಲ್ಲದ ಮಗುವಿಗೆ ಏನೋ ಸರಿಯಿಲ್ಲ ಎಂದಾದರೂ ಅನ್ನಿಸಿರುತ್ತದೆ. ಇಬ್ಬರಿಗೂ ದೃಶ್ಯ ದಕ್ಕುತ್ತದೆ.

ಪುರಾಣದ ಪರ್ಸ್ಯೂಸ್ ಹೊಳೆಯುವ ಕಂಚಿನ ಗುರಾಣಿಯಲ್ಲಿ ಪ್ರತಿಬಿಂಬ ನೋಡಿ, ನೇರ ನೋಡಿದವರನ್ನು ಕಲ್ಲಾಗಿಸುವ ರಾಕ್ಷಸಿ ಮೆಡೂಸಾಳ ತಲೆ ಕಡಿದ. ಇಲ್ಲಿ ಗುರಾಣಿ ಇಲ್ಲ. ತೋಟಕ್ಕೆ ಇಡುವ ಹಸಿರು ಗಾಜಿನ ಗೋಲವೇ ಗತಿ. ಉಬ್ಬಿದ ಗಾಜಿನಲ್ಲಿ ಬಿಂಬದ ಅಳತೆ ತಪ್ಪುತ್ತದೆ ಎಂದು ಆ ಗಡಿಬಿಡಿಯಲ್ಲೂ ಆನಬೆತ್ ಪಾಠ ಶುರುಮಾಡುತ್ತಾಳೆ. ಸರಣಿಯ ಗುಟ್ಟೆಲ್ಲ ಈ ಒಂದು ಪುಟದಲ್ಲಿದೆ. ಹಳೆಯ ಕಥೆ ಗೊತ್ತಿದ್ದವರು ಬದುಕುತ್ತಾರೆ, ಆದರೆ ಹಳೆಯ ಉಪಾಯವನ್ನು ಕೈಗೆ ಸಿಕ್ಕ ಸಾಮಾನಿಗೆ ತಕ್ಕಂತೆ ಬದಲಿಸಿಕೊಳ್ಳಬೇಕು. ಪುರಾಣ ಹಿನ್ನೆಲೆಯ ಪರದೆಯಾಗಿ ನಿಲ್ಲದೆ ಬೀಗದ ಕೈಯಾಗಿ ಬಳಕೆಯಾಗುತ್ತದೆ. ಪುರಾಣದ ಹೆಸರು ಹಾಕಿಕೊಂಡು ಬರುವ ಮಕ್ಕಳ ಸಾಹಸಕಥೆಗಳಲ್ಲಿ ಮಿಕ್ಕವು ಸೋಲುವುದು ಇಲ್ಲೇ: ಅವುಗಳಲ್ಲಿ ದೇವತೆಯ ಹೆಸರು ತೆಗೆದು ಬೇರೆ ಮಂತ್ರವಾದಿಯ ಹೆಸರು ಹಾಕಿದರೂ ಕಥೆ ಅಲುಗಾಡುವುದಿಲ್ಲ.

ಇದೇ ತಂತ್ರ ಮತ್ತೆ ಮತ್ತೆ ಬರುತ್ತದೆ, ಬಹಳ ಕಡೆ ಜಾಣತನದಿಂದಲೇ. ಹಾಸಿಗೆಗೆ ತಕ್ಕಂತೆ ಅತಿಥಿಯ ಕಾಲು ಎಳೆಯುವ ಇಲ್ಲವೇ ಕಡಿಯುವ ಪ್ರೊಕ್ರಸ್ಟಿಸ್ ಇಲ್ಲಿ ಲಾಸ್ ಏಂಜಲೀಸ್‌ನಲ್ಲಿ ನೀರಿನ ಹಾಸಿಗೆ ಮಾರುತ್ತಾನೆ. ಕಮಲ ತಿಂದು ಊರು ಮರೆತವರ ದ್ವೀಪ ಲಾಸ್ ವೇಗಸ್‌ನ ಕ್ಯಾಸಿನೊ ಆಗಿದೆ, ಒಳಗೆ ಹೊಕ್ಕವರಿಗೆ ಹೊತ್ತು ಹೋದದ್ದೇ ತಿಳಿಯದು. 1977ರಿಂದ ಬಂದೆ ಅನ್ನುವ ಹುಡುಗನೊಬ್ಬ ಸಿಕ್ಕಾಗ ಪರ್ಸಿಗೆ ಹೊಳೆಯುತ್ತದೆ. ಈ ಕ್ಯಾಸಿನೊ ಪ್ರಸಂಗವನ್ನು ತಮಾಷೆ ಎಂದು ಓದಿ ಮುಂದೆ ಹೋದವರಿಗೆ ಮೂರನೇ ಪುಸ್ತಕದಲ್ಲಿ ಅದು ಬಡ್ಡಿ ಸಮೇತ ವಾಪಸಾಗುತ್ತದೆ. ಒಲಿಂಪಸ್ ಇರುವುದು ಎಂಪೈರ್ ಸ್ಟೇಟ್ ಕಟ್ಟಡದ 600ನೇ ಮಹಡಿಯಲ್ಲಿ, ಪಾತಾಳದ ಬಾಗಿಲು ಹಾಲಿವುಡ್‌ನ ರೆಕಾರ್ಡಿಂಗ್ ಸ್ಟುಡಿಯೊ ಒಂದರಲ್ಲಿ.

ಕಥಾಲೋಕದ ಕಟ್ಟುನಿಟ್ಟು ಮೆಚ್ಚತಕ್ಕದ್ದು. ಸ್ವರ್ಗದ ಕಂಚಿನ ಕತ್ತಿ ರಾಕ್ಷಸರನ್ನು ಕೊಲ್ಲುತ್ತದೆ, ಸಾಮಾನ್ಯ ಮನುಷ್ಯರ ಮೈಯಲ್ಲಿ ಗಾಳಿಯಂತೆ ಹಾದುಹೋಗುತ್ತದೆ. ಸತ್ತ ರಾಕ್ಷಸ ಪುಡಿಯಾಗಿ ಪಾತಾಳದ ತಳವಾದ ಟಾರ್ಟರಸ್‌ಗೆ ಹೋಗಿ ಮತ್ತೆ ಮೈ ಕಟ್ಟಿಕೊಂಡು ಬರುತ್ತದೆ, ಆದ್ದರಿಂದಲೇ ಸಾವಿರಾರು ವರ್ಷದ ಹಿಂದೆ ಸತ್ತ ಗೂಳಿತಲೆಯ ಮಿನೊಟಾರ್ ಇಂದು ಲಾಂಗ್ ಐಲೆಂಡ್‌ನಲ್ಲಿ ಎದುರಾಗಬಹುದು. ಅಮೃತ, ಆಂಬ್ರೋಸಿಯಾ ಗಾಯ ವಾಸಿಮಾಡುತ್ತವೆ, ಅಳತೆ ಮೀರಿದರೆ ಅರೆದೇವತೆಯನ್ನೇ ಸುಟ್ಟು ಬೂದಿಮಾಡುತ್ತವೆ. ಪ್ರತಿಯೊಂದು ವರಕ್ಕೂ ಒಂದು ಮಿತಿ ಇಟ್ಟಿರುವುದರಿಂದ ಹೋರಾಟಗಳಲ್ಲಿ ಬಿಸಿ ಉಳಿದಿದೆ. ಇನ್ನು ಕಾರಣಿಕದ ಮಾತುಗಳು: ಪ್ರತಿ ಪುಸ್ತಕದಲ್ಲೂ ಕೆಲವೇ ಸಾಲಿನ ಭವಿಷ್ಯವಾಣಿ ಬರುತ್ತದೆ, ಎಲ್ಲವೂ ನಿಜವಾಗುತ್ತದೆ, ಆದರೆ ಯಾವುದೂ ಅಂದುಕೊಂಡ ಅರ್ಥದಲ್ಲಲ್ಲ. ಓದುವ ಮಗುವಿಗೆ ಆ ಸಾಲುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಒಂದೊಂದು ನಡೆದಾಗಲೂ ಗುರುತು ಹಾಕಲು ಹೇಳಿ. ಲೇಖಕ ಎಲ್ಲಿ ಯಾಮಾರಿಸಿದ ಎಂಬುದು ಆಗ ಸ್ಪಷ್ಟವಾಗಿ ಕಾಣುತ್ತದೆ.

ಆದರೆ ನಿಯಮಗಳ ಜಾಣತನವೊಂದೇ ಇದ್ದಿದ್ದರೆ ಐದು ಪುಸ್ತಕ ಓದಿಸಿಕೊಳ್ಳುತ್ತಿರಲಿಲ್ಲ. ಸರಣಿಯ ನಿಜವಾದ ಎಂಜಿನ್ ಇರುವುದು ಅರೆದೇವತೆಗಳ ಶಿಬಿರದ 11ನೇ ಕ್ಯಾಬಿನ್‌ನಲ್ಲಿ. ಶಿಬಿರದಲ್ಲಿ ಹನ್ನೆರಡು ಕ್ಯಾಬಿನ್‌ಗಳು, ಒಂದೊಂದು ಒಂದೊಂದು ಒಲಿಂಪಿಯನ್ ದೇವತೆಗೆ. ಹೀರಾ ಮತ್ತು ಆರ್ಟೆಮಿಸ್ ಕ್ಯಾಬಿನ್‌ಗಳು ಬರೀ ಗೌರವಕ್ಕೆ ಕಟ್ಟಿದವು, ಅಲ್ಲಿ ಮಕ್ಕಳಿಲ್ಲ. ಪಾತಾಳದ ಒಡೆಯ ಹೇಡಿಸ್‌ಗೆ ಕ್ಯಾಬಿನ್ನೇ ಇಲ್ಲ. ಹರ್ಮಿಸ್‌ನ 11ನೆಯದು ಮಾತ್ರ ಕಾಲಿಡಲು ಜಾಗವಿಲ್ಲದಷ್ಟು ತುಂಬಿರುತ್ತದೆ, ಏಕೆಂದರೆ ಇವನು ನನ್ನ ಮಗು ಎಂದು ಯಾವ ದೇವತೆಯೂ ಒಪ್ಪಿಕೊಳ್ಳದ ಮಕ್ಕಳನ್ನೆಲ್ಲ ದಾರಿಹೋಕರ ದೇವತೆಯ ಮನೆಗೆ ತಳ್ಳಲಾಗಿದೆ. ಕೆಲವರು ವರ್ಷಗಟ್ಟಲೆ ನೆಲದ ಮೇಲೆ ಮಲಗುವ ಚೀಲದಲ್ಲಿ ದಿನ ದೂಡುತ್ತಾರೆ. ಸೂರ್ಯನ ಮಗನಾಗಿಯೂ ಸೂತಪುತ್ರ ಅನ್ನಿಸಿಕೊಂಡ ಕರ್ಣನನ್ನು ಬಲ್ಲ ಓದುಗರಿಗೆ ಈ ಕ್ಯಾಬಿನ್ ಏನು ಹೇಳುತ್ತಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ದೇವತೆಗಳ ವಿರುದ್ಧ, ಹಿಂದೆ ಅವರಿಂದ ಸೋತ ಹಳೆಯ ತಲೆಮಾರಿನ ಟೈಟನ್ ಕ್ರೋನೋಸ್‌ಗೆ ಸೈನ್ಯ ಸಿಗುವುದು ಇಂಥ ಮಕ್ಕಳ ಸಿಟ್ಟಿನಿಂದಲೇ. ಖಳನ ದೂರು ನ್ಯಾಯವಾದದ್ದು, ದಾರಿ ಮಾತ್ರ ತಪ್ಪು. ಹತ್ತು ವರ್ಷದ ಮಗು ಓದುವ ಪುಸ್ತಕದಲ್ಲಿ ಇಷ್ಟು ಗಟ್ಟಿಯಾದ ವಿರೋಧ ಪಕ್ಷ ಅಪರೂಪ. ಐದನೇ ಪುಸ್ತಕದ ಕೊನೆಯಲ್ಲಿ ಪರ್ಸಿ ದೇವತೆಗಳ ಮುಂದಿಡುವ ಬೇಡಿಕೆ ಈ ದೂರಿಗೆ ಉತ್ತರವಾಗಿಯೇ ಬರುತ್ತದೆ. ಮುಕ್ತಾಯ ತೃಪ್ತಿ ಕೊಡುವುದು ಆ ಕಾರಣಕ್ಕೆ.

ಪುಸ್ತಕಗಳ ಗುಣಮಟ್ಟ ಒಂದೇ ಸಮ ಇಲ್ಲ. ಎರಡನೆಯದು ಐದರಲ್ಲಿ ಚಿಕ್ಕದು, ಹಗುರವೂ ಹೌದು. ಒಡಿಸ್ಸಿಯಸ್ ಮತ್ತು ಜೇಸನ್‌ನ ಪಯಣಗಳನ್ನು ಸೇರಿಸಿ ಬರ್ಮುಡಾ ತ್ರಿಕೋನಕ್ಕೆ ತಂದಿದ್ದಾರೆ. ಹೋಮರನನ್ನು ಓದಿಕೊಂಡವರಿಗೆ ಇಲ್ಲಿ ಸಣ್ಣ ಸಣ್ಣ ಖುಷಿಗಳಿವೆ. ಒಡಿಸ್ಸಿಯಸ್‌ಗೆ ಮಾಟಗಾತಿ ಸರ್ಸಿಯ ಮಾಟದಿಂದ ಪಾರಾಗಲು ಹರ್ಮಿಸ್ ಕೊಟ್ಟದ್ದು ಮೋಲಿ ಎಂಬ ಮೂಲಿಕೆ; ಇಲ್ಲಿ ಅದೇ ದೇವತೆ ಕೊಡುವುದು ಮಕ್ಕಳಿಗೆ ತಿನ್ನಿಸುವ ವಿಟಮಿನ್ ಗುಳಿಗೆ. ನಾವಿಕರನ್ನು ಸಾವಿಗೆ ಸೆಳೆಯುವ ಸೈರನ್‌ಗಳ ಹಾಡು ಕೇಳಲೇಬೇಕೆಂದು ಆನಬೆತ್ ತನ್ನನ್ನು ಹಡಗಿನ ಕಂಬಕ್ಕೆ ಕಟ್ಟಿಸಿಕೊಳ್ಳುತ್ತಾಳೆ. ಪರ್ಸಿ ಕಿವಿಗೆ ಮೇಣ ತುಂಬಿಕೊಂಡು ಎಲ್ಲ ಸರಿಯಾಗಿ ಮಾಡುತ್ತಾನೆ, ಅವಳ ಚಾಕು ತೆಗೆದಿಡುವುದನ್ನು ಮಾತ್ರ ಮರೆತಿರುತ್ತಾನೆ. ಹಾಡು ಅವಳಿಗೆ ಏನು ತೋರಿಸಿತು ಎಂಬ ಭಾಗ ಈ ಪುಸ್ತಕದ ಅತ್ಯುತ್ತಮ ಪುಟಗಳು. ಒಕ್ಕಣ್ಣಿನ ಸೈಕ್ಲೋಪ್ಸ್ ಹುಡುಗ ಟೈಸನ್ ಪಾತ್ರವೂ ಚೆನ್ನ. ಉಳಿದದ್ದು ಒಂದಾದ ಮೇಲೊಂದು ಅಡೆತಡೆಯ ಓಟ.

ಮೂರನೆಯದರಲ್ಲಿ ಸರಣಿ ವಯಸ್ಸಿಗೆ ಬರುತ್ತದೆ. ಬೇಟೆಯ ದೇವಿ ಆರ್ಟೆಮಿಸ್ ಕಾಣೆಯಾಗಿದ್ದಾಳೆ, ಐವರು ಹುಡುಕಲು ಹೊರಡುತ್ತಾರೆ, ಎಲ್ಲರೂ ಮರಳುವುದಿಲ್ಲ ಎಂದು ಭವಿಷ್ಯವಾಣಿಯೇ ಮೊದಲು ಹೇಳಿಬಿಟ್ಟಿರುತ್ತದೆ. ಓದುಗರು ಹಚ್ಚಿಕೊಂಡವರು ಸಾಯುವುದು ಇಲ್ಲಿಂದ ಶುರು. ಎಂಟು ವರ್ಷದ ಮಗುವಿಗೆ ಓದಿ ಹೇಳುವವರು ಈ ಪುಸ್ತಕವನ್ನು ಮೊದಲು ತಾವು ಓದಿಕೊಂಡು ಆಮೇಲೆ ಕೈಗೆತ್ತಿಕೊಳ್ಳಿ. ಆಕಾಶ ಹೊತ್ತ ಅಟ್ಲಸ್‌ನ ಪ್ರಸಂಗದಲ್ಲಿ ಭಾರ ಎಂದರೆ ಏನು ಎಂಬುದನ್ನು ಬೆನ್ನು, ಮಂಡಿ, ಉಸಿರುಗಳ ಮೂಲಕ ಹೇಳಿರುವ ರೀತಿ ರಿಯರ್ಡನ್‌ಗೆ ಹಾಸ್ಯದಾಚೆಗೂ ಕೈ ಇದೆ ಎಂದು ತೋರಿಸುತ್ತದೆ.

ನಾಲ್ಕನೆಯದು ವಿಚಾರಗಳಲ್ಲಿ ಎಲ್ಲಕ್ಕಿಂತ ಶ್ರೀಮಂತ, ಓಟದಲ್ಲಿ ಎಲ್ಲಕ್ಕಿಂತ ಸಡಿಲ. ಪುರಾಣದ ಶಿಲ್ಪಿ ಡೀಡಲಸ್ ಕಟ್ಟಿದ ಚಕ್ರವ್ಯೂಹ ತಾನಾಗಿ ಬೆಳೆದು ಅಮೆರಿಕದ ಅಡಿಯಲ್ಲೆಲ್ಲ ಹರಡಿದೆ. ಯಾವ ಬಾಗಿಲು ತೆರೆದರೂ ಹೊಸ ಪುರಾಣ, ಹಾಗಾಗಿ ನಡುವಿನ ಅಧ್ಯಾಯಗಳಲ್ಲಿ ಗುರಿ ಮರೆತೇಹೋಗುತ್ತದೆ. ಆದರೂ ಒಂದು ಪ್ರಸಂಗಕ್ಕಾಗಿ ಇದನ್ನು ಓದಲೇಬೇಕು. ಹೆರಾಕ್ಲಿಸ್ ಎರಡು ನದಿಗಳನ್ನು ತಿರುಗಿಸಿ ಆಜಿಯಸ್ ರಾಜನ ಕೊಟ್ಟಿಗೆ ತೊಳೆದ ಕಥೆ ಪ್ರಸಿದ್ಧ. ಆ ಸಗಣಿಯೆಲ್ಲ ಹರಿದು ಹೋದದ್ದೆಲ್ಲಿಗೆ ಎಂದು ಯಾರೂ ಕೇಳಿರಲಿಲ್ಲ. ಪರ್ಸಿಗೆ ಟೆಕ್ಸಸ್‌ನ ಜಾನುವಾರು ಫಾರ್ಮಿನಲ್ಲಿ ಅದೇ ಕೆಲಸ ಬಿದ್ದಾಗ ನದಿಯ ಜಲಕನ್ಯೆ ಎದ್ದುನಿಂತು ನನ್ನ ನೀರು ಹೊಲಸು ಮಾಡಬೇಡ ಅನ್ನುತ್ತಾಳೆ. ಆ ನೆಲ ಒಂದು ಕಾಲದಲ್ಲಿ ಸಮುದ್ರದ ತಳವಾಗಿತ್ತು, ಮಣ್ಣಿನಲ್ಲಿ ಕಲ್ಲಾಗಿ ಉಳಿದ ಚಿಪ್ಪುಗಳಿವೆ. ಅವುಗಳಿಂದಲೇ ಪರ್ಸಿ ಉಪ್ಪುನೀರು ಚಿಮ್ಮಿಸುತ್ತಾನೆ. ಹಳೆಯ ಕಥೆಯ ಒಳಗಿದ್ದ ಪ್ರಶ್ನೆಯನ್ನು ಎತ್ತಿ, ನಾಯಕನ ಹುಟ್ಟಿಗೆ ತಕ್ಕ ಉತ್ತರ ಕೊಡುವುದು ಇದು. ಅದೇ ಪುಸ್ತಕದ ಸ್ಫಿಂಕ್ಸ್ ಒಗಟು ಬಿಟ್ಟು ಬಾಯಿಪಾಠದ ಪ್ರಶ್ನೆಗಳನ್ನು ಕೇಳುತ್ತದೆ, ಆನಬೆತ್ ಇದು ಬುದ್ಧಿಗೆ ಅವಮಾನ ಎಂದು ಉತ್ತರಿಸಲು ನಿರಾಕರಿಸುತ್ತಾಳೆ. ಪರೀಕ್ಷಾ ಪದ್ಧತಿಯ ಮೇಲೆ ಮಾಜಿ ಮೇಷ್ಟ್ರ ಹಳೆಯ ಸೇಡು!

ಐದನೆಯದು ಪೂರ್ತಿ ಯುದ್ಧ. ಆಗಸ್ಟ್ 18ಕ್ಕೆ ಪರ್ಸಿಗೆ ಹದಿನಾರು ತುಂಬುತ್ತದೆ, ಮೊದಲಿನಿಂದ ತಲೆಯ ಮೇಲೆ ತೂಗುತ್ತಿದ್ದ ಭವಿಷ್ಯವಾಣಿ ಅಂದಿಗೇ ಗಂಟುಬಿದ್ದಿದೆ. ಊರೂರು ಸುತ್ತುವುದು ಬಿಟ್ಟು ಕಥೆ ಮ್ಯಾನ್‌ಹಟನ್‌ನಲ್ಲಿ ನೆಲೆನಿಲ್ಲುವುದರಿಂದ ಬಿಗಿ ಬಂದಿದೆ. ಸೇತುವೆ, ಸುರಂಗಗಳನ್ನು ಒಂದೊಂದಾಗಿ ಕಾಯುವ ವ್ಯೂಹ ನಕ್ಷೆ ಹಿಡಿದು ನೋಡಿದರೂ ಅರ್ಥವಾಗುವಷ್ಟು ಸ್ಪಷ್ಟ.

ಈಗ ದೋಷಗಳು. ಮೊದಲನೆಯದು ಅಚ್ಚು. ಭವಿಷ್ಯವಾಣಿ, ಪಯಣ, ದಾರಿಯಲ್ಲಿ ವೇಷ ಮರೆಸಿಕೊಂಡ ಅಂಗಡಿಯವರೋ ಚಾಲಕರೋ ಆಗಿ ಬರುವ ರಾಕ್ಷಸರು, ಕೊನೆಯಲ್ಲೊಂದು ದ್ರೋಹ. ಮೊದಲ ನಾಲ್ಕೂ ಪುಸ್ತಕ ಇದೇ ಅಚ್ಚಿನಲ್ಲಿ ಎರಕ ಹೊಯ್ದವು. ಬಿಡುವಿಲ್ಲದೆ ಒಂದರ ಹಿಂದೊಂದು ಓದಿದರೆ ಮೂರನೆಯದರ ಹೊತ್ತಿಗೆ, ಅಪರಿಚಿತರು ಊಟ ಕೊಟ್ಟ ಕೂಡಲೇ ಇದು ರಾಕ್ಷಸಿ ಎಂದು ಮಗು ಮೊದಲೇ ಹೇಳಿಬಿಡುತ್ತದೆ. ಎರಡು ಪುಸ್ತಕಗಳ ನಡುವೆ ಬೇರೆ ಏನಾದರೂ ಓದಿಸಿದರೆ ಈ ಸವಕಲು ಅಷ್ಟು ಕಾಣದು.

ಎರಡನೆಯದು ಹೆಚ್ಚು ಗಂಭೀರ. ಗ್ರೀಕ್ ದೇವತೆಗಳು ಅಮೆರಿಕದಲ್ಲಿ ಏನು ಮಾಡುತ್ತಿದ್ದಾರೆ? ಮೊದಲ ಪುಸ್ತಕದಲ್ಲೇ ಶಿಬಿರದ ಗುರು, ಅರ್ಧ ಕುದುರೆ ಅರ್ಧ ಮನುಷ್ಯನಾದ ಸೆಂಟಾರ್ ಕೈರನ್ ಉತ್ತರ ಕೊಡುತ್ತಾನೆ: ಪಾಶ್ಚಾತ್ಯ ನಾಗರಿಕತೆಯ ಕೇಂದ್ರ ಎಲ್ಲಿಗೆ ಸರಿಯುತ್ತದೋ ಒಲಿಂಪಸ್ ಅಲ್ಲಿಗೆ ಸರಿಯುತ್ತದೆ. ಗ್ರೀಸ್‌ನಿಂದ ರೋಮ್‌ಗೆ, ಆಮೇಲೆ ಯುರೋಪಿನ ಬಲಾಢ್ಯ ದೇಶಗಳಿಗೆ, ಈಗ ಅಮೆರಿಕಕ್ಕೆ. ಕಥೆಯ ಅನುಕೂಲಕ್ಕೆ ಇದು ಸರಿ. ಆದರೆ ಅಧಿಕಾರ ಎಲ್ಲಿದೆಯೋ ದೈವ ಅಲ್ಲಿದೆ ಎಂಬ ಅರ್ಥವೂ ಇದಕ್ಕಿದೆ, ಭೂಮಿಯ ಉಳಿದ ಭಾಗದಲ್ಲಿ ಏನಿದೆ ಎಂಬ ಪ್ರಶ್ನೆ ಈ ಐದು ಪುಸ್ತಕಗಳಲ್ಲಿ ಏಳುವುದೇ ಇಲ್ಲ. ಈಜಿಪ್ಟಿನ ದೇವತೆಗಳನ್ನು ತಂದ ‘ಕೇನ್ ಕ್ರಾನಿಕಲ್ಸ್’ (2010–2012) ಬರೆಯುವಷ್ಟರಲ್ಲಿ ಲೇಖಕರ ಲೋಕ ಹಿಗ್ಗಿದೆ, ಆದರೆ ಇಲ್ಲಿಯ ವಿವರಣೆ ಇಲ್ಲೇ ಉಳಿದಿದೆ. ಹನ್ನೆರಡು ದಾಟಿದ ಮಕ್ಕಳೊಡನೆ ಈ ಬಗ್ಗೆ ಮಾತಾಡಬಹುದು, ಅವರೇ ಕೇಳುವುದೂ ಉಂಟು.

ಮೂರನೆಯದು, ದೇವತೆಗಳನ್ನು ವ್ಯಂಗ್ಯಚಿತ್ರದ ಮಟ್ಟಕ್ಕೆ ಇಳಿಸಿರುವುದು. ಯುದ್ಧದೇವತೆ ಏರೀಸ್ ಎಂದರೆ ಬೈಕಿನ ಪುಂಡ, ಅಪೊಲೊ ಎಂದರೆ ಕೆಟ್ಟ ಹಾಯ್ಕು ಹೇಳುವ ಶೋಕಿಲಾಲ. ವೈನ್ ದೇವತೆ ಡಯನೈಸಸ್ ಬಗ್ಗೆ ಮಾತ್ರ ತಕರಾರಿಲ್ಲ. ಶಿಕ್ಷೆಗೆ ಒಳಗಾಗಿ, ವೈನ್ ಮುಟ್ಟುವಂತಿಲ್ಲದೆ, ಡಯಟ್ ಕೋಕ್ ಕುಡಿಯುತ್ತ ಮಕ್ಕಳ ಹೆಸರನ್ನು ಬೇಕೆಂದೇ ತಪ್ಪಾಗಿ ಕರೆಯುವ ಆ ಶಿಬಿರಾಧಿಕಾರಿಯ ಕಿರಿಕಿರಿಯ ಹಿಂದೆ ಆಗಾಗ ನಿಜವಾದ ಭಯಂಕರ ದೇವತೆ ಇಣುಕುತ್ತಾನೆ. ಹೇಡಿಸ್‌ನನ್ನು ಸೈತಾನನನ್ನಾಗಿ ಮಾಡದೆ, ಕೆಲಸದ ಹೊರೆಯಿಂದ ಬಸವಳಿದ, ಅಣ್ಣತಮ್ಮಂದಿರಿಂದ ಮೋಸಹೋದ ದೊರೆಯಾಗಿ ಉಳಿಸಿಕೊಂಡಿರುವುದು ಮೂಲಕ್ಕೆ ನಿಷ್ಠವಾದ ಕೆಲಸ.

ಪುರಾಣವನ್ನು ಇಲ್ಲಿಂದಲೇ ಕಲಿತರೆ ಎಲ್ಲೆಲ್ಲಿ ತಪ್ಪು ತಲೆಗೆ ಹತ್ತುತ್ತದೆ? ಮೂಲ ಪರ್ಸ್ಯೂಸ್ ಝ್ಯೂಸನ ಮಗ, ಪೊಸೈಡನ್‌ನ ಮಗನಲ್ಲ. ಆ ಹೆಸರಿಟ್ಟದ್ದೇಕೆ ಎಂದು ತಾಯಿ ಸ್ಯಾಲಿಯ ಬಾಯಲ್ಲಿ ಕಾರಣ ಬಂದಿದೆ: ಗ್ರೀಕ್ ವೀರರಲ್ಲಿ ನೆಮ್ಮದಿಯಿಂದ ಬಾಳಿ ಸತ್ತವನು ಅವನೊಬ್ಬ. ಮಿನೊಟಾರನನ್ನೂ ಪ್ರೊಕ್ರಸ್ಟಿಸ್‌ನನ್ನೂ ಕೊಂದವನು ಥೀಸ್ಯೂಸ್, ಇಲ್ಲಿ ಎರಡೂ ಪರ್ಸಿಯ ಪಾಲಿಗೆ ಬಂದಿವೆ. ಅಥೀನಾ ಪುರಾಣದಲ್ಲಿ ಕನ್ಯಾದೇವತೆ. ಆನಬೆತ್ ಅವಳ ಮಗಳಾದದ್ದು ಹೇಗೆ ಎಂಬುದಕ್ಕೆ ಮನಸ್ಸಿನಿಂದ ಹುಟ್ಟಿದ ಮಗು ಎಂಬ ಸಮಜಾಯಿಷಿ ಮುಂದಿನ ಪುಸ್ತಕವೊಂದರಲ್ಲಿ ಸಿಗುತ್ತದೆ. ಮೆಡೂಸಾ ಅಥೀನಾಳ ಶಾಪದಿಂದ ರಾಕ್ಷಸಿಯಾದಳು ಎಂಬುದು ರೋಮನ್ ಕವಿ ಓವಿಡ್ ಹೇಳಿದ ಕಥೆ. ಅದಕ್ಕಿಂತ ಬಹಳ ಹಳಬನಾದ ಹೆಸಿಯಡ್‌ನಲ್ಲಿ ಅವಳು ಹುಟ್ಟಾ ಗೋರ್ಗನ್, ಮೂವರು ಅಕ್ಕತಂಗಿಯರಲ್ಲಿ ಸಾವುಳ್ಳವಳು ಅವಳೊಬ್ಬಳೇ.

ಇದನ್ನೆಲ್ಲ ಸರಿಪಡಿಸಲು ರಿಯರ್ಡನ್ನರೇ ಬರೆದ ‘ಪರ್ಸಿ ಜಾಕ್ಸನ್ಸ್ ಗ್ರೀಕ್ ಗಾಡ್ಸ್’ (2014) ಮತ್ತು ‘ಗ್ರೀಕ್ ಹೀರೋಸ್’ (2015) ಇವೆ. ಜಾನ್ ರಾಕೊ ಚಿತ್ರಗಳಿರುವ ದೊಡ್ಡ ಆಕಾರದ ಪುಸ್ತಕಗಳು, ಪರ್ಸಿಯ ತುಂಟ ದನಿಯಲ್ಲೇ ಮೂಲಕಥೆಗಳನ್ನು ಹೇಳುತ್ತವೆ. ಇವನ್ನು ಮೊದಲು ಓದಿಸಿ ಸಿದ್ಧಪಡಿಸುವ ಆಸೆ ಬೇಡ. ಮೊದಲ ಕಾದಂಬರಿ ಮುಗಿಸಿ ಯಾರಿವರೆಲ್ಲ ಎಂಬ ಕುತೂಹಲ ಹುಟ್ಟಿದ ಮೇಲೆ ಕೊಟ್ಟರೆ ಮಗು ತಾನಾಗಿ ಹುಡುಕಿ ಓದುತ್ತದೆ. ವ್ಯಂಗ್ಯವಿಲ್ಲದ ನೇರ ಕಥೆ ಬೇಕಿದ್ದರೆ ಡೋಲೇರ್ ದಂಪತಿಯ 1962ರ ಗ್ರೀಕ್ ಪುರಾಣ ಸಂಪುಟ ಇಂದಿಗೂ ಮುದ್ರಣದಲ್ಲಿದೆ, ಚಿತ್ರಗಳಿಗಾಗಿಯೇ ಇಟ್ಟುಕೊಳ್ಳಬಹುದು.

ವಯಸ್ಸು: ತಾನೇ ಓದಲು ಒಂಬತ್ತರಿಂದ ಹದಿಮೂರು, ದೊಡ್ಡವರು ಓದಿ ಹೇಳುವುದಾದರೆ ಎಂಟು. ಮೊದಲ ಪುಸ್ತಕ 22 ಅಧ್ಯಾಯ, ಸುಮಾರು 87,000 ಪದ, ಮುದ್ರಣಕ್ಕೆ ತಕ್ಕಂತೆ 375 ಪುಟದ ಆಸುಪಾಸು. ಗಾತ್ರ ನೋಡಿ ಹೆದರಬೇಕಿಲ್ಲ. ಪರ್ಸಿಯೇ ಹೇಳುವ ಕಥೆ, ಗಿಡ್ಡ ವಾಕ್ಯಗಳು, ಪುಟದ ತುಂಬ ಮಾತುಕತೆ. ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಕಷ್ಟವಾಗುವುದು ಪದಗಳಲ್ಲ, ಅಮೆರಿಕದ ಶಾಲಾ ಹುಡುಗರ ಚುಚ್ಚುಮಾತು. ಹೇಳುವುದೊಂದು, ಅರ್ಥ ಇನ್ನೊಂದು ಎಂಬ ಆ ಧಾಟಿ ಹಿಡಿಯಲು ಮೊದಲ ಎರಡು ಅಧ್ಯಾಯಗಳನ್ನು ದೊಡ್ಡವರು ದನಿ ಏರಿಳಿಸಿ ಓದಿ ಹೇಳಿದರೆ ಮುಂದಿನದು ಸಲೀಸು.

ಮಕ್ಕಳು ಕೈಬಿಡುವ ಜಾಗವೂ ನಿಶ್ಚಿತ. ಮೊದಲ ನಾಲ್ಕು ಅಧ್ಯಾಯ ಉಸಿರುಗಟ್ಟಿಸಿ ಓಡಿ ಮಿನೊಟಾರ್ ಹೋರಾಟದಲ್ಲಿ ಮುಗಿಯುತ್ತವೆ. 5ರಿಂದ 8ರವರೆಗೆ ಶಿಬಿರದ ಪರಿಚಯ: ಹನ್ನೆರಡು ದೇವತೆಗಳು, ಅವರ ಮಕ್ಕಳು, ಕ್ಯಾಬಿನ್ ಸಂಖ್ಯೆ, ಪ್ರಮಾಣ, ಶಾಪ ಎಲ್ಲ ಒಟ್ಟಿಗೆ ಸುರಿಯುತ್ತವೆ. ಯಾರು ಯಾರ ಮಗು ಎಂದು ಕಲಸಿಕೊಂಡವರು ಇಲ್ಲೇ ಪುಸ್ತಕ ಮುಚ್ಚಿಡುತ್ತಾರೆ. ಒಂದು ಹಾಳೆಯಲ್ಲಿ ಕ್ಯಾಬಿನ್ ಸಂಖ್ಯೆ, ದೇವತೆ, ಆ ದೇವತೆಯ ವಿಷಯ, ಅಲ್ಲಿಯ ಒಬ್ಬ ಹುಡುಗನ ಅಥವಾ ಹುಡುಗಿಯ ಹೆಸರು ಇಷ್ಟನ್ನು ನಾಲ್ಕು ಕಾಲಂ ಮಾಡಿ ಬರೆಸಿ. ಬೆಸ ಸಂಖ್ಯೆಗಳೆಲ್ಲ ದೇವರಿಗೆ, ಸಮ ಸಂಖ್ಯೆಗಳು ದೇವಿಯರಿಗೆ. ಕೊನೆಯ ಹನ್ನೆರಡನೆಯದು ಡಯನೈಸಸ್‌ದಾಗಿರುವುದರಿಂದ ಅದೊಂದು ತಪ್ಪುತ್ತದೆ. ರೋಮನ್ ಹೆಸರುಗಳನ್ನು ಈಗಲೇ ತುರುಕಬೇಡಿ, ಅವು ಬೇಕಾಗುವುದು ಮುಂದಿನ ಸರಣಿಗೆ. ಗುರು ಕೈರನ್ ಬೇರೆ, ಪಾತಾಳದ ಅಂಬಿಗ ಕೇರನ್ ಬೇರೆ ಎಂಬುದನ್ನು ಮಾತ್ರ ಮೊದಲೇ ಹೇಳಿಡಿ. ಇಂಗ್ಲಿಷ್ ಕಾಗುಣಿತ ಅಷ್ಟು ಹತ್ತಿರ ಇರುವುದರಿಂದ ಪರ್ಸಿಯೇ ತಪ್ಪಿ ಅಂಬಿಗನಿಂದ ಬೈಸಿಕೊಳ್ಳುತ್ತಾನೆ. 9ನೇ ಅಧ್ಯಾಯದಲ್ಲಿ ಪಯಣ ಗೊತ್ತಾದ ಮೇಲೆ ಪುಸ್ತಕ ತಾನೇ ಎಳೆದುಕೊಂಡು ಹೋಗುತ್ತದೆ.

ಪೋಷಕರು ತಿಳಿದಿರಬೇಕಾದ ಇನ್ನೆರಡು ಸಂಗತಿ. ಹೊಡೆದಾಟ ಬೇಕಾದಷ್ಟಿದ್ದರೂ ರಾಕ್ಷಸರು ಪುಡಿಯಾಗಿ ಉದುರುವುದರಿಂದ ರಕ್ತದ ವರ್ಣನೆ ಕಡಿಮೆ. ಆದರೆ ಮಲತಂದೆ ಗೇಬ್ ತಾಯಿಯ ಮೇಲೆ ಕೈಮಾಡುತ್ತಾನೆ ಎಂಬುದು ಮೊದಲ ಪುಸ್ತಕದಲ್ಲಿದೆ, ಅದಕ್ಕೆ ಸಿಗುವ ಪರಿಹಾರವೂ ಹಾಸ್ಯದ ಹೊದಿಕೆಯಡಿ ಸಾಕಷ್ಟು ಕರಾಳ. ಸರಿಯೋ ತಪ್ಪೋ ಎಂಬ ಪ್ರಶ್ನೆಯನ್ನು ಲೇಖಕರು ಬಗೆಹರಿಸದೆ ದಾಟಿಬಿಡುತ್ತಾರೆ. ಇನ್ನು ದೇವತೆಗಳಲ್ಲಿ ಕೆಲವರು ಸಂಸಾರಸ್ಥರಾಗಿದ್ದೂ ಮನುಷ್ಯರಲ್ಲಿ ಮಕ್ಕಳನ್ನು ಪಡೆಯುವವರು. ವಿವರಗಳಿಲ್ಲ, ಆದರೆ ಪ್ರಶ್ನೆ ಬರುತ್ತದೆ.

ಸಿನಿಮಾ ನೋಡಿ ಪುಸ್ತಕಕ್ಕೆ ಬರುವುದಾದರೆ 2010ರ ಚಿತ್ರ ಬೇಡ. ಹನ್ನೆರಡರ ಹುಡುಗನನ್ನು ಹದಿಹರೆಯದವನನ್ನಾಗಿ ಮಾಡಿ, ಕ್ರೋನೋಸ್‌ನನ್ನೇ ಕೈಬಿಟ್ಟು, ಹೇಡಿಸ್‌ಗೆ ಬೆಂಕಿಯ ಸೈತಾನನ ರೂಪ ಕೊಟ್ಟಿದ್ದಾರೆ. ಕಥೆಯ ಬೆನ್ನೆಲುಬೇ ಇಲ್ಲದ ಮೇಲೆ 2013ರ ಎರಡನೇ ಚಿತ್ರಕ್ಕೆ ನಿಲ್ಲಲು ನೆಲವಿರಲಿಲ್ಲ. ಡಿಸೆಂಬರ್ 2023ರಲ್ಲಿ ಡಿಸ್ನಿ ಪ್ಲಸ್‌ನಲ್ಲಿ ಶುರುವಾದ ಧಾರಾವಾಹಿಯಲ್ಲಿ ರಿಯರ್ಡನ್ನರ ಕೈಯಿದೆ, ಮೊದಲ ಪುಸ್ತಕಕ್ಕೆ ಎಂಟು ಕಂತು, ಮಕ್ಕಳ ವಯಸ್ಸು ಸರಿಯಾಗಿದೆ. ಅದರ ದೋಷ ಬೇರೆ: ಮಕ್ಕಳು ಅಂಗಡಿಯೊಳಗೆ ಕಾಲಿಡುವ ಮೊದಲೇ ಇದು ಮೆಡೂಸಾ ಎಂದು ಗುರುತಿಸಿಬಿಡುತ್ತಾರೆ. ಪುಸ್ತಕದ ಆ ಬರ್ಗರ್ ಊಟದ ಆತಂಕ ಅಲ್ಲಿಗೆ ಹೋಯಿತು. ಪುಸ್ತಕ ಮೊದಲು, ಧಾರಾವಾಹಿ ಆಮೇಲೆ ಎಂಬ ಕ್ರಮ ಇಲ್ಲಿ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ.

ಓದಲು ಒದ್ದಾಡುವ ಮಕ್ಕಳಿಗೆ ಜೆಸ್ಸಿ ಬರ್ನ್‌ಸ್ಟೈನ್ ಓದಿರುವ ಆಡಿಯೊ ಪುಸ್ತಕ ಒಳ್ಳೆಯ ಊರುಗೋಲು, ಮೊದಲನೆಯದು ಸುಮಾರು ಹತ್ತು ಗಂಟೆ. ಕೇಳುತ್ತಲೇ ಅಚ್ಚಿನ ಪುಟದ ಮೇಲೆ ಬೆರಳಾಡಿಸಲು ಹೇಳಿ, ಗ್ರೀಕ್ ಹೆಸರುಗಳ ಉಚ್ಚಾರವೂ ಇದರಿಂದ ಕೂರುತ್ತದೆ. ಕಾಮಿಕ್ಸ್‌ನಂಥ ಚಿತ್ರಕಥಾ (ಗ್ರಾಫಿಕ್ ನಾವೆಲ್) ರೂಪವೂ ಇದೆ. ಅದರಲ್ಲಿ ಘಟನೆಗಳೆಲ್ಲ ಇವೆ, ಪರ್ಸಿಯ ದನಿ ಇಲ್ಲ. ಕಾದಂಬರಿ ಓದಿದವರಿಗೆ ಅದು ಮೆಲುಕು, ಓದದವರಿಗೆ ಬರೀ ಹೊಡೆದಾಟ. ಐದನ್ನೂ ಒಟ್ಟಿಗೆ ಕೊಳ್ಳುವ ಮೊದಲು ಮೊದಲನೆಯದನ್ನು ಗ್ರಂಥಾಲಯದಿಂದ ತಂದು 11ನೇ ಅಧ್ಯಾಯದವರೆಗೆ ಓದಿಸಿ ನೋಡಿ. ಅಲ್ಲಿಗೂ ಹಿಡಿಯದಿದ್ದರೆ ಉಳಿದ ನಾಲ್ಕಕ್ಕೆ ದುಡ್ಡು ಹಾಕಬೇಡಿ.